ಡಬ್ಬದಲ್ಲಿ ಏನಿದೆ ಅಂತ ಕೇಳುವವರು

ಯುಗಾದಿಗೆ ತಿಂಗಳಿದೆ ಅನ್ನುವಾಗ ಒಮ್ಮೆ, ದೀಪಾವಳಿಗೆ ತಿಂಗಳಿದೆ ಅನ್ನುವಾಗ ಇನ್ನೊಮ್ಮೆ, ಈ ಅಂಕಣಕ್ಕೆ ಒಂದೇ ಪ್ರಶ್ನೆ ಹೊತ್ತ ಪತ್ರಗಳು ಬರುತ್ತವೆ. ಮಗಳು ಅಮೆರಿಕದಲ್ಲಿದ್ದಾಳೆ, ಚಕ್ಕುಲಿ, ಕೋಡುಬಳೆ, ಸಾರಿನ ಪುಡಿ ಕಳಿಸಬೇಕು, ಯಾವ ಕೊರಿಯರ್ ನಂಬಬಹುದು ಅಂತ. ಕೆಲವರದು ಮಗ, ಕೆಲವರದು ಆಸ್ಟ್ರೇಲಿಯಾ. ಒಬ್ಬರು ಹಾಸನದಿಂದ ಬರೆದವರು ಹಿಂದಿನ ಸಲ ಕಳಿಸಿದ್ದು ನಲವತ್ತು ದಿನ ಎಲ್ಲಿತ್ತೋ ಗೊತ್ತಿಲ್ಲ, ಕೊನೆಗೆ ತಲುಪಿದಾಗ ರವೆಉಂಡೆ ಮತ್ತೆ ರವೆಯೇ ಆಗಿತ್ತು ಎಂದು ಬೇಜಾರಿನಲ್ಲೂ ನಗಿಸಿದ್ದರು.

ನಾನು ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಹೆಚ್ಚು ಉಪಯೋಗವಾಗದು. ನಮ್ಮ ಬೀದಿಗಳಲ್ಲಿ ‘ಇಂಟರ್‌ನ್ಯಾಷನಲ್ ಕೊರಿಯರ್’ ಎಂದು ಬೋರ್ಡು ಹಾಕಿಕೊಂಡಿರುವ ಅಂಗಡಿಗಳಿವೆಯಲ್ಲ, ಬೋರ್ಡಿನ ಮೇಲೆ ಡಿಎಚ್‌ಎಲ್, ಫೆಡೆಕ್ಸ್, ಯುಪಿಎಸ್, ಅರಾಮೆಕ್ಸ್ ನಾಲ್ಕರ ಹೆಸರೂ ಇರುತ್ತದೆ, ಅವುಗಳಲ್ಲಿ ಹೆಚ್ಚಿನವು ಆ ಕಂಪನಿಗಳಿಗೆ ಸೇರಿದವಲ್ಲ. ಅಲ್ಲಿ ಕೂತವರು ಬುಕಿಂಗ್ ಏಜೆಂಟರು. ಅವರು ನಿಮ್ಮ ಡಬ್ಬವನ್ನು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವ ದೊಡ್ಡ ಏಜೆಂಟರಿಗೆ ದಾಟಿಸುತ್ತಾರೆ. ಆ ದೊಡ್ಡವರು ಕಂಪನಿಯಿಂದ ಸಗಟು ದರಕ್ಕೆ ಜಾಗ ಕೊಂಡಿರುತ್ತಾರೆ. ಅದಕ್ಕೇ ಕಂಪನಿಯ ಸ್ವಂತ ಕೌಂಟರಿಗಿಂತ ಏಜೆಂಟರ ಬಳಿ ಅಗ್ಗ. ಇದರಲ್ಲಿ ಮೋಸವೇನಿಲ್ಲ, ಮಂಡಿಯಿಂದ ತಂದು ಬೀದಿಯಲ್ಲಿ ತರಕಾರಿ ಮಾರಿದ ಹಾಗೆ. ಆದರೆ ನಿಮ್ಮ ಡಬ್ಬಕ್ಕೆ ಏನಾಗುತ್ತದೆ ಎನ್ನುವುದು ವಿಮಾನದ ಮೇಲೆ ಬರೆದ ಹೆಸರಿಗಿಂತ ಹೆಚ್ಚಾಗಿ ಕೌಂಟರಿನ ಹಿಂದೆ ಪೆನ್ನು ಹಿಡಿದು ಕೂತವನ ಮೇಲೆ ನಿಂತಿರುತ್ತದೆ. ನನಗೆ ಇದು ಅರ್ಥವಾದದ್ದು ಅಕ್ಕನ ಮಗನ ಡಬ್ಬದಿಂದ.

ಅಕ್ಕ ಸಾಗರದ ಹತ್ತಿರದ ಹಳ್ಳಿಯವಳು. ಅವಳ ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂ.ಎಸ್. ಓದಲು ಹೋಗಿದ್ದ. ಮೊದಲ ಚಳಿಗಾಲಕ್ಕೆ ಅಂತ ಅಕ್ಕ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮನೆಯ ತುಪ್ಪ, ಎರಡು ಪೊಟ್ಟಣ ಧಾರವಾಡ ಪೇಡ, ಒಂದು ಉಲ್ಲನ್ ಸ್ವೆಟರು ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಬಸ್ಸಿನಲ್ಲಿ ಮೈಸೂರಿಗೆ ಕಳಿಸಿದಳು. ಪೇಪರಿಗೆ ಬರೆಯುವ ತಂಗಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ. ನನಗೆ ಗೊತ್ತಿದ್ದದ್ದು ಮನೆಯಿಂದ ಎರಡು ತಿರುವು ದಾಟಿದರೆ ಸಿಗುವ ಒಂದು ಅಂಗಡಿ ಮಾತ್ರ.

ಅಂಗಡಿಯ ಹುಡುಗ ಬಹಳ ಸಭ್ಯ. ಪೆಟ್ಟಿಗೆಯನ್ನು ತಾನೇ ಆಟೋದಿಂದ ಇಳಿಸಿಕೊಂಡ. ತೂಕ ಹಾಕಿದ. ನಾನು ಒಳಗೆ ಏನೇನಿದೆ ಎಂದು ಪಟ್ಟಿ ಹೇಳಲು ಶುರುಮಾಡಿದರೆ ಕೈ ಅಡ್ಡ ಹಿಡಿದು, "ಏನಿದೆ ಅಂತ ನೀವು ಹೇಳೋದೇ ಬೇಡ ಮೇಡಂ, ನಾವು ಬಟ್ಟೆ ಅಂತ ಹಾಕ್ತೀವಿ. ಏಳೇ ದಿನ, ಮನೆ ಬಾಗಿಲಿಗೆ" ಅಂದ. ಇಷ್ಟು ಸಲೀಸಾಗಿ ಕೆಲಸ ಆಗುತ್ತದೆಂದು ನಾನು ಅಂದುಕೊಂಡೇ ಇರಲಿಲ್ಲ. ಅಕ್ಕನಿಗೆ ಫೋನು ಮಾಡಿ ಸ್ವಲ್ಪ ಜಂಬ ಕೂಡ ಕೊಚ್ಚಿಕೊಂಡೆ.

ಡಬ್ಬ ಮನೆ ಬಾಗಿಲಿಗೆ ಹೋಗಲಿಲ್ಲ, ಕಾಗದ ಹೋಯಿತು. ಕಸ್ಟಮ್ಸ್ ಕಚೇರಿಗೆ ಬಂದು ಬಿಡಿಸಿಕೊಂಡು ಹೋಗು ಎಂದು. ಹುಡುಗ ಕ್ಲಾಸು ಬಿಟ್ಟು, ಟ್ರಾಮು ಹತ್ತಿ, ಸರತಿಯಲ್ಲಿ ನಿಂತ. ಅಲ್ಲಿಯ ರೂಢಿ ಏನೆಂದರೆ ಅಧಿಕಾರಿ ಡಬ್ಬವನ್ನು ತಾನು ಕತ್ತರಿಸುವುದಿಲ್ಲ, ಚಾಕು ಕೊಟ್ಟು ನೀನೇ ಬಿಚ್ಚು ಅನ್ನುತ್ತಾನೆ. ಇವನು ಬಿಚ್ಚಿದ. ಕಾಗದದಲ್ಲಿ ಬಟ್ಟೆ ಎಂದಿದೆ, ಮೊದಲು ಹೊರಬಂದದ್ದು ಮಿಡಿಯ ಬಾಟಲಿ. ಎಣ್ಣೆ ಒಸರಿ ಸ್ವೆಟರಿನ ತೋಳು ಕೆಂಪಾಗಿತ್ತು, ಇಡೀ ಕೌಂಟರು ಇಂಗಿನ ವಾಸನೆ. ಅಧಿಕಾರಿ ಬಾಟಲಿಯನ್ನು ಬೆಳಕಿಗೆ ಹಿಡಿದು, ಇವು ಏನು ಕಾಯಿ ಎಂದು ಕೇಳಿದನಂತೆ. ಮಾವಿನ ಮಿಡಿ ಎಂದು ಜರ್ಮನ್ ಭಾಷೆಯಲ್ಲಿ ಹೇಳುವುದು ಹೇಗೆಂದು ಗೊತ್ತಾಗದೆ "ಮಾವಿನ ಮಗು" ಎಂದು ಹೇಳಿದೆ ಚಿಕ್ಕಮ್ಮ, ಅಂದ. ಉಪ್ಪಿನಕಾಯಿ ಉಳಿಯಿತು, ಹಪ್ಪಳ ಉಳಿಯಿತು. ತುಪ್ಪ ಮತ್ತು ಪೇಡವನ್ನು ಪಕ್ಕಕ್ಕಿಟ್ಟರು, ಅವು ಮರಳಿ ಬರಲಿಲ್ಲ. ಮೇಲೆ, ಒಳಗಿರುವುದೊಂದು ಬರೆದಿರುವುದೊಂದು ಯಾಕೆ ಎಂಬ ವಿಚಾರಣೆ. ದಂಡ ಹಾಕಲಿಲ್ಲ, ಎಚ್ಚರಿಕೆ ಕೊಟ್ಟು ಕಳಿಸಿದರು. ವಿದ್ಯಾರ್ಥಿ ವೀಸಾದಲ್ಲಿರುವ ಹುಡುಗನಿಗೆ ಅಷ್ಟೇ ಸಾಕಿತ್ತು, ಎರಡು ರಾತ್ರಿ ನಿದ್ದೆ ಮಾಡಲಿಲ್ಲವಂತೆ.

ಹೊರಗಿನ ದೇಶಗಳಿಂದ ಖಾಸಗಿ ಪಾರ್ಸೆಲ್ಲಿನಲ್ಲಿ ಹಾಲಿನ ಮತ್ತು ಮಾಂಸದ ಪದಾರ್ಥ ತರಿಸಿಕೊಳ್ಳುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ದನಕರುಗಳ ಕಾಲುಬಾಯಿ ಜ್ವರದಂಥ ರೋಗ ಒಳಬರದಿರಲಿ ಎಂದು. ಪೇಡ ಎಷ್ಟು ಶುದ್ಧ, ತುಪ್ಪ ಯಾರ ಮನೆಯದು ಎನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಇದು ಗುಟ್ಟಿನ ವಿಷಯವೂ ಅಲ್ಲ. ಜರ್ಮನಿಗೆ ವಾರಕ್ಕೆ ಹತ್ತು ಡಬ್ಬ ಕಳಿಸುವ ಅಂಗಡಿಯವನಿಗೆ ಗೊತ್ತಿರಲೇಬೇಕು. ಗೊತ್ತಿದ್ದೇ ‘ಬಟ್ಟೆ’ ಎಂದು ಬರೆದ. ಪೆಟ್ಟಿಗೆ ಅವನ ಅಂಗಡಿಯಿಂದ ಹೊರಬಿದ್ದ ಮೇಲೆ ಉತ್ತರ ಹೇಳಬೇಕಾದವನು ಅವನಲ್ಲವಲ್ಲ.

ಆಮೇಲೆ ನಾನು ಕೊರಿಯರಿನವರನ್ನು ಅಳೆಯುವ ರೀತಿಯೇ ಬದಲಾಯಿತು. ಎಷ್ಟು ದಿನ, ಕೆ.ಜಿ.ಗೆ ಎಷ್ಟು ಎಂದು ಈಗ ಮೊದಲು ಕೇಳುವುದಿಲ್ಲ. ಅವರು ನನ್ನನ್ನು ಏನು ಕೇಳುತ್ತಾರೆ ಎಂದು ನೋಡುತ್ತೇನೆ. ಡಬ್ಬದಲ್ಲಿ ಏನಿದೆ ಎಂದು ಕೇಳದವರ ಬಳಿ ಡಬ್ಬ ಬಿಡುವುದಿಲ್ಲ. ಇದು ಆಗಲ್ಲ, ತೆಗೀರಿ ಎಂದು ಒಂದಾದರೂ ಸಾಮಾನು ಹೊರಗಿಡುವವರು ಸಿಕ್ಕರೆ ನೆಮ್ಮದಿಯಿಂದ ಆಧಾರ್ ಪ್ರತಿ ಕೊಡುತ್ತೇನೆ. ಅಂದಹಾಗೆ ಗುರುತಿನ ಚೀಟಿ ಕೇಳದೆ ವಿದೇಶಕ್ಕೆ ಬುಕ್ ಮಾಡುವ ಅಂಗಡಿ ಇದ್ದರೆ, ಅಲ್ಲಿಂದಲೂ ಹಿಂದೆ ಬರುವುದು ಕ್ಷೇಮ.

ಸಾಮಾನು ಹೊರಗಿಡುವ ಅಂಥವರೊಬ್ಬರು ಸಿಕ್ಕಿದ್ದು ಹೋದ ವರ್ಷ, ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಕಳಿಸುವಾಗ. ಅರವತ್ತು ದಾಟಿದ ಮನುಷ್ಯ, ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಸಂದಿ. ನಾನು ಅಂಟಿಸಿ ತಂದಿದ್ದ ಟೇಪನ್ನು ಹೇಳದೆ ಕೇಳದೆ ಬ್ಲೇಡಿನಲ್ಲಿ ಸೀಳಿದರು. ಒಂದೊಂದೇ ತೆಗೆದು ಬೆಂಚಿನ ಮೇಲಿಟ್ಟರು. ಚಕ್ಕುಲಿ, ಸರಿ. ಚಟ್ನಿಪುಡಿ, ಸರಿ. ಹಪ್ಪಳ, ಸರಿ. ಪವರ್ ಬ್ಯಾಂಕ್, ಇಲ್ಲ. ಅದರಲ್ಲಿ ಲಿಥಿಯಂ ಬ್ಯಾಟರಿ ಇದೆ, ಬಿಡಿಯಾಗಿ ಹೋಗಲ್ಲ. ಅದು ನನಗೂ ತಿಳಿಯುವಂಥದ್ದು. ಆಮೇಲೆ ತಿಪಟೂರಿನಿಂದ ತರಿಸಿದ್ದ ಒಣಕೊಬ್ಬರಿ ಗಿಟುಕುಗಳ ಚೀಲ ಕೈಗೆತ್ತಿಕೊಂಡು ನನ್ನ ಮುಖ ನೋಡಿದರು.

"ಅಮ್ಮಾ, ಕೊಬ್ಬರಿ ವಿಮಾನ ಹತ್ತಲ್ಲ."

ತಮಾಷೆ ಅಂದುಕೊಂಡೆ. ನಿಜವಂತೆ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಸಿ ಸೇರಿಕೊಂಡರೆ ತನ್ನಷ್ಟಕ್ಕೇ ಹೊತ್ತಿಕೊಳ್ಳಬಹುದು. ಅಪಾಯಕಾರಿ ಸರಕುಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸ್ವಂತ ನಂಬರೇ ಇದೆ, ತಾನಾಗಿ ಉರಿಯುವ ಪದಾರ್ಥಗಳ 4.2ನೇ ವರ್ಗದಲ್ಲಿ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಲಗೇಜಿನಿಂದ ಒಣಕೊಬ್ಬರಿ ತೆಗೆಸುವುದೂ ಇದೇ ಕಾರಣಕ್ಕೆ. ದೇವರಿಗೆ ಒಪ್ಪಿಸುವ, ಬಾಣಂತಿಗೆ ತಿನ್ನಿಸುವ ಕೊಬ್ಬರಿ ಪಟಾಕಿಯ ನೆಂಟ ಎಂದು ಐವತ್ತೆಂಟನೇ ವಯಸ್ಸಿನಲ್ಲಿ ತಿಳಿದುಕೊಂಡೆ. ಗಿಟುಕುಗಳು ನನ್ನ ಕೈಚೀಲಕ್ಕೆ ವಾಪಸಾದವು.

ಅವರು ಅಲ್ಲಿಗೇ ಬಿಡಲಿಲ್ಲ. ಅಳತೆ ಟೇಪು ತೆಗೆದು ಪೆಟ್ಟಿಗೆ ಅಳೆದರು. ಉದ್ದ 40 ಸೆಂಟಿಮೀಟರ್, ಅಗಲ 30, ಎತ್ತರ 30. ತಕ್ಕಡಿಯಲ್ಲಿ ತೂಕ ನಾಲ್ಕು ಕಿಲೋಗೆ ಸ್ವಲ್ಪ ಮೇಲೆ. "ಇದಕ್ಕೆ ನಿಮಗೆ ಏಳೂವರೆ ಕೆ.ಜಿ. ಬಿಲ್ ಬೀಳುತ್ತೆ" ಅಂದರು. ಹೊಟ್ಟೆ ಉರಿಯುವ ಈ ಲೆಕ್ಕವನ್ನು ಒಮ್ಮೆ ಕಲಿತುಬಿಟ್ಟರೆ ಒಳ್ಳೆಯದು. ವಿಮಾನದಲ್ಲಿ ಜಾಗವೂ ದುಡ್ಡೇ. ಹಾಗಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ‘ವಾಲ್ಯೂಮ್ ತೂಕ’. ಅದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ನನ್ನ ಪೆಟ್ಟಿಗೆಗೆ 36,000 ಭಾಗಿಸು 5000, ಅಂದರೆ 7.2 ಕೆ.ಜಿ. ಅದನ್ನು ಮೇಲಕ್ಕೆ ಏರಿಸಿ ಏಳೂವರೆ. ಹಪ್ಪಳ, ಸಂಡಿಗೆ, ಅರಳು, ಚಕ್ಕುಲಿಯಂಥವು ನಮ್ಮ ಪೆಟ್ಟಿಗೆಗಳಲ್ಲಿ ಗಾಳಿಯನ್ನೇ ಹೆಚ್ಚು ಕಳಿಸುತ್ತವೆ, ಆ ಗಾಳಿಗೆ ನಾವು ಕಿಲೋ ಲೆಕ್ಕದಲ್ಲಿ ತೆರುತ್ತೇವೆ.

ಆ ಯಜಮಾನರು ಪೆಟ್ಟಿಗೆಯ ನಾಲ್ಕೂ ಮೂಲೆಯನ್ನು ಮೇಲಿಂದ ಹತ್ತು ಸೆಂಟಿಮೀಟರ್ ಸೀಳಿದರು. ಸ್ಕೇಲು ಇಟ್ಟು ಬ್ಲೇಡಿನ ಹಿಂಬದಿಯಿಂದ ಗೆರೆ ಎಳೆದರು, ಆ ಗೆರೆಗೆ ರಟ್ಟು ಕಾಗದದ ಹಾಗೆ ಮಡಚಿಕೊಂಡಿತು. ಸೀರೆಯ ಪ್ಲಾಸ್ಟಿಕ್ ಡಬ್ಬ ಕಿತ್ತು ಸೀರೆಯನ್ನು ಚಕ್ಕುಲಿ ಡಬ್ಬದ ಸುತ್ತ ಸುತ್ತಿದರು. ಎತ್ತರ ಇಪ್ಪತ್ತಕ್ಕೆ ಇಳಿಯಿತು. 24,000 ಭಾಗಿಸು 5000, 4.8. ಐದು ಕೆ.ಜಿ. ಬಿಲ್ಲು. ತನಗೆ ಬರುವ ಕಮಿಷನ್ನನ್ನು ತಾನೇ ಬ್ಲೇಡಿನಲ್ಲಿ ಕತ್ತರಿಸಿ ಹಾಕುವ ವ್ಯಾಪಾರಿಯನ್ನು ನಾನು ಕಂಡಿದ್ದು ಕಡಿಮೆ.

ಯಾವ ದೇಶಕ್ಕೆ ಎಂದು ಗೊತ್ತಾದ ಮೇಲೆ ಕೇಳುವ ಪ್ರಶ್ನೆಗಳೂ ಬದಲಾಗಬೇಕು. ದುಬೈ ಎಂದರೆ ಗಸಗಸೆ ಇದೆಯಾ ಎಂದು ಕೇಳದಿದ್ದವನು ಕೊರಿಯರಿನವನೇ ಅಲ್ಲ. ನಮಗೆ ಹಬ್ಬದ ಪಾಯಸ, ಅಲ್ಲಿ ಮತ್ತು ಸಿಂಗಪುರದಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಸಿಕ್ಕಿಬೀಳುವ ಕಾಳು. ಆಸ್ಟ್ರೇಲಿಯಾ ಎಂದರೆ ಬೀಜ, ಹಾಲಿನ ಸಿಹಿ, ಒಣಗಿದ ಎಲೆಬೇರುಗಳ ಬಗ್ಗೆ ಕೇಳಬೇಕು, ಅಲ್ಲಿಯ ಜೈವಿಕ ಭದ್ರತೆಯವರಷ್ಟು ಕಟ್ಟುನಿಟ್ಟು ಯಾರೂ ಇಲ್ಲ. ಅಮೆರಿಕಕ್ಕೆ ಹಸಿ ಕರಿಬೇವು ಹೋಗದು. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹೊತ್ತು ತರುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ.

ಅಮೆರಿಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಪತ್ರಗಳಲ್ಲಿ ಮುಕ್ಕಾಲು ಅದರದ್ದೇ. ಅಲ್ಲಿಗೆ ಹೋಗುವ ಆಹಾರಕ್ಕೆ ಮುಂಚಿತವಾಗಿ ಎಫ್‌ಡಿಎ ಇಲಾಖೆಗೆ ಸೂಚನೆ ಕೊಡಬೇಕೆಂಬ ನಿಯಮ 2002ರ ಜೈವಿಕ ಭಯೋತ್ಪಾದನೆ ತಡೆ ಕಾಯ್ದೆಯಿಂದ ಬಂದದ್ದು. ಚಕ್ಕುಲಿಗೂ ಭಯೋತ್ಪಾದನೆಗೂ ಏನು ಸಂಬಂಧ ಎಂದು ಕೇಳಬೇಡಿ. ಆದರೆ ಆ ನಿಯಮದಲ್ಲಿ ಅಮ್ಮಂದಿರಿಗೆಂದೇ ಬಿಟ್ಟ ಹಾಗಿರುವ ಒಂದು ಕಿಟಕಿ ಇದೆ. ಒಬ್ಬರು ತಮ್ಮ ಮನೆಯಲ್ಲಿ ತಾವೇ ಮಾಡಿ, ವ್ಯಾಪಾರಕ್ಕಲ್ಲದೆ ಉಡುಗೊರೆಯಾಗಿ, ತಾವೇ ಇನ್ನೊಬ್ಬ ವ್ಯಕ್ತಿಗೆ ಕಳಿಸಿದ ತಿನಿಸಿಗೆ ಆ ಸೂಚನೆ ಬೇಕಿಲ್ಲ. ಅದೇ ಚಕ್ಕುಲಿಯನ್ನು ಕಾಂಡಿಮೆಂಟ್ಸ್ ಅಂಗಡಿಯಿಂದ ಕೊಂಡು ಕಳಿಸಿದರೆ ಬೇಕು. ಆದ್ದರಿಂದ ಬಲ್ಲ ಏಜೆಂಟರು ‘ಮನೇಲಿ ಮಾಡಿದ್ದಾ, ಕೊಂಡಿದ್ದಾ’ ಎಂದು ಕೇಳುತ್ತಾರೆ, ಕೊಂಡದ್ದಾದರೆ ಬಿಲ್ಲು ಕೇಳುತ್ತಾರೆ. ಅದು ಕಿರಿಕಿರಿಯಲ್ಲ, ಕೆಲಸ ಗೊತ್ತಿರುವುದರ ಗುರುತು.

ಇನ್ನೊಂದು, ಸುಂಕ. 2016ರಿಂದ 800 ಡಾಲರ್ ಒಳಗಿನ ಡಬ್ಬಗಳು ಅಮೆರಿಕಕ್ಕೆ ಸುಂಕವಿಲ್ಲದೆ ಹೋಗುತ್ತಿದ್ದವು. 2025ರ ಆಗಸ್ಟ್ 29ಕ್ಕೆ ಆ ವಿನಾಯಿತಿ ನಿಂತಿತು. ಸುಂಕ ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಎಂಬ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಮೆರಿಕದ ಬುಕಿಂಗ್ ನಿಲ್ಲಿಸಿತು. ಮೊದಮೊದಲು ಕಾಗದಪತ್ರಗಳಿಗೂ 100 ಡಾಲರ್ ಒಳಗಿನ ಉಡುಗೊರೆಗಳಿಗೂ ಅವಕಾಶ ಇಟ್ಟಿತ್ತು. ಅಕ್ಟೋಬರಿನಲ್ಲಿ ಪುನಃ ಶುರುವಾಯಿತು, ಸುಂಕವನ್ನು ಇಲ್ಲಿಯೇ ಕಟ್ಟಿಸಿಕೊಳ್ಳುವ ವ್ಯವಸ್ಥೆಯೊಂದಿಗೆ. ಈ ದರಗಳು ರಾಜಕೀಯದ ಗಾಳಿಗೆ ತಿರುಗುತ್ತಿರುತ್ತವೆ, ಇವತ್ತು ನಾನು ಬರೆದ ಅಂಕಿ ನೀವು ಓದುವ ಹೊತ್ತಿಗೆ ಹಳಸಿರಬಹುದು. ಕೌಂಟರಿನಲ್ಲಿ ಕೇಳಬೇಕಾದ ಮಾತು ಮಾತ್ರ ಹಳಸುವುದಿಲ್ಲ: ಸುಂಕ ಬಿದ್ದರೆ ಯಾರು ಕಟ್ಟಬೇಕು, ನಾನು ಇಲ್ಲಿಯೋ, ಮಗಳು ಅಲ್ಲಿಯೋ? ‘ಅದೆಲ್ಲ ಬರಲ್ಲ ಬಿಡಿ’ ಎನ್ನುವವರಿಂದ ಅದನ್ನೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲಿಕ್ಕೆ ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು.

ಸುಂಕದ ಭಯಕ್ಕೆ ಎಷ್ಟೋ ಜನ ಮಾಡುವ ಕೆಲಸವೆಂದರೆ ಬೆಲೆ ಇಳಿಸಿ ಬರೆಯುವುದು. ಮೈಸೂರು ರೇಷ್ಮೆ ಸೀರೆ, ಬೆಲೆ ಐನೂರು ರೂಪಾಯಿ! ಏಜೆಂಟರೇ ಹೇಳಿಕೊಡುತ್ತಾರೆ. ಸಿಕ್ಕಿಬಿದ್ದರೆ ಏನು ಎನ್ನುವುದು ಹಾಗಿರಲಿ, ಕಳೆದುಹೋದರೆ ಏನು? ಐನೂರು ಎಂದು ನೀವೇ ಸಹಿ ಮಾಡಿದ್ದೀರಿ. ಇಷ್ಟಕ್ಕೂ ನಿಜ ಬೆಲೆ ಬರೆದರೆ ಪೂರ್ತಿ ಹಣ ಬರುತ್ತದೆ ಎಂದೇನಲ್ಲ. ವಿಮಾನದ ಸರಕು ಕಳೆದರೆ ಸಾಗಿಸುವವರ ಹೊಣೆಯನ್ನು 1999ರ ಮಾಂಟ್ರಿಯಲ್ ಒಪ್ಪಂದ ತೂಕಕ್ಕೆ ಕಟ್ಟಿಹಾಕಿದೆ. 2024ರ ಡಿಸೆಂಬರ್ 28ರಿಂದ ಕಿಲೋಗೆ 26 ಎಸ್‌ಡಿಆರ್, ಇದು ಐಎಂಎಫ್‌ನ ಲೆಕ್ಕದ ಹಣ, ಒಂದು ಎಸ್‌ಡಿಆರ್ ಡಾಲರಿಗಿಂತ ಹೆಚ್ಚು. ಅರ್ಧ ಕಿಲೋ ತೂಗುವ ಸೀರೆಗೆ ಈ ಲೆಕ್ಕದಲ್ಲಿ ಒಂದೂವರೆ ಸಾವಿರ ರೂಪಾಯಿಯ ಆಸುಪಾಸು ಬರುತ್ತದೆ. ರೇಷ್ಮೆಯ ಹಗುರ ಇಲ್ಲಿ ನಮಗೇ ತಿರುಗುಬಾಣ. ಬೆಲೆಬಾಳುವುದನ್ನು ಕಳಿಸುವಾಗ ನಿಜ ಬೆಲೆ ಬರೆಸಿ, ಬೇರೆಯಾಗಿ ವಿಮೆ ಮಾಡಿಸಿ. ಚಿನ್ನ ಬೆಳ್ಳಿಯನ್ನಂತೂ ಡಬ್ಬಕ್ಕೆ ಹಾಕಲೇಬೇಡಿ, ಊರಿಗೆ ಬಂದವರ ಕತ್ತಿನಲ್ಲಿ ಹೋಗಲಿ.

ಬುಕಿಂಗ್ ಆದ ಮೇಲೆ ಏಜೆಂಟರು ಕೊಡುವ ನಂಬರು ಎಷ್ಟೋ ಸಲ ಅವರದೇ ಪುಸ್ತಕದ ನಂಬರು, ಹೊರದೇಶದಲ್ಲಿ ಅದಕ್ಕೆ ಬೆಲೆಯಿಲ್ಲ. ಎರಡು ಮೂರು ದಿನ ಬಿಟ್ಟು ‘ಫಾರ್ವರ್ಡಿಂಗ್ ನಂಬರ್’ ಕೊಡಿ ಎಂದು ಕೇಳಿ. ಹತ್ತಂಕಿಯಾದರೆ ಡಿಎಚ್‌ಎಲ್ ಇರಬಹುದು, ಹನ್ನೆರಡಾದರೆ ಫೆಡೆಕ್ಸ್, 1ಝಡ್ ಎಂದು ಶುರುವಾದರೆ ಯುಪಿಎಸ್. ಡಿಎಚ್‌ಎಲ್ ಎಂದು ದುಡ್ಡು ತೆಗೆದುಕೊಂಡು ಇನ್ಯಾವುದೋ ಅಗ್ಗದ ದಾರಿಯಲ್ಲಿ ಕಳಿಸಿದ್ದರೆ ಇಲ್ಲಿ ಗೊತ್ತಾಗಿಬಿಡುತ್ತದೆ. ಹಾಸನದವರ ರವೆಉಂಡೆಯ ನಲವತ್ತು ದಿನ ಕೂಡ ಇಂಥದೇ ಒಂದು ನಂಬರಿನ ಹಿಂದೆ ಕಳೆದದ್ದು, ವಿಚಾರಿಸಿದಾಗಲೆಲ್ಲ ‘ಬಾಂಬೆ ಬಿಟ್ಟಿದೆ’ ಎಂಬ ಒಂದೇ ಉತ್ತರ.

ಅಂಚೆಯವರನ್ನು ಮರೆತೆ ಎಂದುಕೊಳ್ಳಬೇಡಿ. ಪುಸ್ತಕ, ಬಟ್ಟೆ, ಮದುವೆ ಕರೆಯೋಲೆ, ಅವಸರವಿಲ್ಲದ ಯಾವುದಕ್ಕೂ ನನ್ನ ಮತ ಅಂಚೆಗೇ. 1874ರಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟಕ್ಕೆ ಭಾರತ 1876ರಲ್ಲೇ ಸೇರಿದೆ. ಆ ಹಳೆಯ ಒಪ್ಪಂದದಿಂದಾಗಿ ನಮ್ಮ ಅಂಚೆಯವರು ವಿಮಾನಕ್ಕೇರಿಸಿದ ಡಬ್ಬವನ್ನು ಅಲ್ಲಿಯ ಅಂಚೆಯವನೇ ಮನೆಗೆ ತಂದುಕೊಡುತ್ತಾನೆ, ನಡುವೆ ಮೂರು ಜನ ಏಜೆಂಟರಿಲ್ಲ. ವಿದೇಶಿ ಸ್ಪೀಡ್ ಪೋಸ್ಟಿನ ನಂಬರು ಹದಿಮೂರು ಅಕ್ಷರದ್ದು, ‘ಇ’ಯಿಂದ ಶುರುವಾಗಿ ‘ಐಎನ್’ ಎಂದು ಮುಗಿಯುತ್ತದೆ, ಅದನ್ನೇ ಆ ದೇಶದ ಅಂಚೆಯ ತಾಣದಲ್ಲಿ ಹಾಕಿದರೂ ನಡೆಯುತ್ತದೆ. ಕಷ್ಟ ಇರುವುದು ಕೌಂಟರಿನಲ್ಲಿ. ಕಸ್ಟಮ್ಸ್‌ನ ಸಿಎನ್ 23 ಫಾರಂನಲ್ಲಿ ಒಂದೊಂದು ಸಾಮಾನಿನ ಹೆಸರು, ತೂಕ, ಬೆಲೆ ಬಿಡಿಬಿಡಿಯಾಗಿ ಬರೆಯಬೇಕು. ‘ತಿಂಡಿ’ ಎಂದು ಬರೆದರೆ ಸಾಲದು. ಹಿಂದೆ ನಿಂತವರು ಗೊಣಗುತ್ತಾರೆ, ಗುಮಾಸ್ತರಿಗೆ ಊಟದ ಹೊತ್ತಾಗಿರುತ್ತದೆ. ಮನೆಯಲ್ಲೇ ಪಟ್ಟಿ ಮಾಡಿಕೊಂಡು ಬೆಳಿಗ್ಗೆ ಹತ್ತಕ್ಕೆ ಹೋದರೆ ಸುಲಭ.

ಮಗಳ ಡಬ್ಬ ಒಂಬತ್ತನೇ ದಿನ ತಲುಪಿತು. ಚಕ್ಕುಲಿ ಮೂರು ಮುರಿದಿದ್ದವು, ಸೀರೆಗೆ ಒಂಚೂರು ಕರಿದ ವಾಸನೆ ಹತ್ತಿತ್ತು. ವಿಡಿಯೋ ಕಾಲಿನಲ್ಲಿ ಎಲ್ಲ ಹರಡಿಕೊಂಡು ನೋಡಿದವಳು ಕೊಬ್ಬರಿ ಎಲ್ಲಿ ಎಂದಳು. ನಾನು 4.2ನೇ ವರ್ಗದಿಂದ ಶುರುಮಾಡಿ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಪರವಾಗಿಲ್ಲ ಬಿಡಮ್ಮ, ಇಲ್ಲಿ ಎಡಿಸನ್ನಿನ ಇಂಡಿಯನ್ ಸ್ಟೋರ್‌ನಲ್ಲಿ ಸಿಗುತ್ತೆ. ಹಡಗಲ್ಲಿ ಬರುತ್ತಂತೆ" ಅಂದಳು.